ಪ್ರತಿಕ್ರಿಯೆ: ಚನ್ನಗಿರಿ ಹತ್ತಿರದ ಕೃಷಿಹೊಂಡದಲ್ಲಿ ಕಾಟ್ಲಾ ಮೈ ಉಜ್ಜಿಕೊಳ್ಳುತ್ತಿವೆ

ಮೀನು ದಡಕ್ಕೆ ಮೈ ಉಜ್ಜುವುದು, ನೀರಿಂದ ಎಗರುವುದು, ಮೈಮೇಲೆ ಕೆಂಪು ಚುಕ್ಕೆ ಅಂದಿದ್ದೀರಿ. ಬಹುಶಃ ಮೀನಿನ ಹೇನು, ಅಂದರೆ ಆರ್ಗ್ಯುಲಸ್. ಫೋಟೊ ಮಸುಕಾಗಿದೆ, ಹಾಗಾಗಿ ಖಡಾಖಂಡಿತ ಹೇಳಲಾರೆ.

ಮೊದಲು ಬಲೆ ಬೀಸಿ ನಾಲ್ಕೈದು ಮೀನು ಹಿಡಿದು ರೆಕ್ಕೆಯ ಬುಡ ನೋಡಿ. ಹೇನು ಹೆಸರುಬೇಳೆಯಷ್ಟು ಇರುತ್ತದೆ, ಚಪ್ಪಟೆ, ಗಾಜಿನಂಥ ಮೈ, ಎರಡು ಕಪ್ಪು ಕಣ್ಣು. ಉಗುರಲ್ಲಿ ತಳ್ಳಿದರೆ ಸರ್ರನೆ ಜಾರುತ್ತದೆ. ಜಾರದೆ ದಾರದ ತುಂಡಿನಂತೆ ಮಾಂಸಕ್ಕೆ ನೆಟ್ಟಿದ್ದರೆ ಅದು ಲರ್ನಿಯಾ ಎಂಬ ಬೇರೆ ಪರೋಪಜೀವಿ. ಅದನ್ನು ಎಳೆಯಬೇಡಿ, ತಲೆ ಒಳಗೇ ಉಳಿದು ಗಾಯ ಕೊಳೆಯುತ್ತದೆ.

ಹೇನೇ ಆದರೆ ಬಸವನಹುಳು, ಕೊಕ್ಕರೆ ಮೇಲೆ ಸಿಟ್ಟು ಬೇಡ. ಇದಕ್ಕೆ ನಡುವೆ ಬೇರೆ ಪ್ರಾಣಿಯ ಆಸರೆ ಬೇಕಿಲ್ಲ, ಮೀನಿಂದ ಮೀನಿಗೇ ದಾಟುತ್ತದೆ. ಮೊಟ್ಟೆ ಇಡಲು ಮಾತ್ರ ಹೆಣ್ಣುಹೇನು ಮೀನಿನ ಮೈಯಿಂದ ಇಳಿದು ಕಲ್ಲು, ಗಳದಂಥ ಗಟ್ಟಿ ವಸ್ತುವಿಗೆ ಸಾಲಾಗಿ ಅಂಟಿಸುತ್ತದೆ. ನಮಗೆ ಸಿಗುವುದು ಅಲ್ಲೇ. ಅಂಚಿನಲ್ಲಿ ಎಂಟ್ಹತ್ತು ಬಿದಿರು ಗಳ ನಿಲ್ಲಿಸಿ (ಟಾರ್ಪಾಲು ಹಾಸಿದ್ದರೆ ಚುಚ್ಚಬೇಡಿ, ಹಗ್ಗ ಕಟ್ಟಿ ತೇಲಿಬಿಡಿ). ನಾಲ್ಕೈದು ದಿನಕ್ಕೊಮ್ಮೆ ತೆಗೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ಇಡಿ. ಒಂದು ತಿಂಗಳಾದರೂ ಬಿಡದೆ ಮಾಡಿ.

ತುಂಬಾ ಹೇನಿರುವ ಮೀನನ್ನು 10 ಲೀಟರಿಗೆ 300 ಗ್ರಾಂ ಉಪ್ಪಿನ ನೀರಲ್ಲಿ ಎರಡು-ಮೂರು ನಿಮಿಷ ಅದ್ದಿ. ವಾಲಿದರೆ ತಕ್ಷಣ ತೆಗೆಯಿರಿ. ಆ ನೀರು ಹೊಂಡಕ್ಕೆ ಬೇಡ.

ಅಡಿಕೆಗೆ ತಂದ ಕೀಟನಾಶಕ ಸುರಿಯಬೇಡಿ, ಮೀನೇ ಹೋದಾವು. ಔಷಧಿ ಬೇಕೇಬೇಕಾದರೆ ಹೊಂಡದ ಉದ್ದ, ಅಗಲ, ಆಳ ಬರೆದುಕೊಂಡು, ಹೇನು ಹತ್ತಿದ ಒಂದು ಮೀನನ್ನೂ ಹಿಡಿದುಕೊಂಡು ತಾಲ್ಲೂಕು ಮೀನುಗಾರಿಕೆ ಕಚೇರಿಗೆ ಹೋಗಿ.