ಓದುಗರ ಪ್ರಶ್ನೆಗೆ ಉತ್ತರ: ಆದಾಯ ಕುಸಿದ ವರ್ಷದಲ್ಲಿ ಪಂಚಾಯಿತಿ ಆಯವ್ಯಯ

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಮಾರ್ಚ್‌ನಲ್ಲಿ ಆಯವ್ಯಯಕ್ಕೆ ಒಪ್ಪಿಗೆ ಕೊಟ್ಟೆವು. ಆಮೇಲೆ ಟೊಮೆಟೊ ಧಾರಣೆ ಬಿದ್ದು ಮನೆ ಕಂದಾಯ ಬರುತ್ತಿಲ್ಲ, ಒಂದು ಕಾರ್ಖಾನೆ ಬಾಗಿಲು ಹಾಕಿದೆ, ಎರಡು ಕೊಳವೆಬಾವಿ ಬತ್ತಿವೆ. ಪಾಸಾದ ಆಯವ್ಯಯವನ್ನು ಮುಟ್ಟುವಂತಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದ ಅಡಿಯಲ್ಲಿ ಸಿದ್ಧವಾಗುವ ಆಯವ್ಯಯವು ಅಂದಾಜು ಮಾತ್ರ. ಅಂದಾಜು ತಪ್ಪಿದಾಗ ಪರಿಷ್ಕೃತ ಆಯವ್ಯಯವನ್ನು ಸಾಮಾನ್ಯ ಸಭೆಯ ಮುಂದಿಟ್ಟು ಅನುಮೋದನೆ ಪಡೆಯಬಹುದು. ಬಹುತೇಕ ಕಡೆ ಇದನ್ನು ಫೆಬ್ರವರಿಯಲ್ಲಿ, ಹೊಸ ವರ್ಷದ ಆಯವ್ಯಯದ ಜೊತೆಗೆ, ಕೇವಲ ಲೆಕ್ಕ ಹೊಂದಿಸಲು ಮಾಡುತ್ತಾರೆ. ಅಷ್ಟು ಹೊತ್ತಿಗೆ ಹಣವೆಲ್ಲ ಖರ್ಚಾಗಿರುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಮೊದಲ ಆರು ತಿಂಗಳ ವಸೂಲಿ ಕಣ್ಣ ಮುಂದಿರುವಾಗ ಮಾಡಿದರೆ ಮಾತ್ರ ಪ್ರಯೋಜನ.

ನನ್ನ ಅಭಿಪ್ರಾಯದಲ್ಲಿ ತೊಂದರೆಯ ಮೂಲ ಖರ್ಚಿನ ಪುಟದಲ್ಲಲ್ಲ, ಜಮೆಯ ಪುಟದಲ್ಲಿದೆ. ಈ ವರ್ಷದ ಬೇಡಿಕೆ, ಅಂದರೆ ಜನರಿಂದ ಈ ವರ್ಷ ಬರಬೇಕಾದ ಕಂದಾಯ, 12 ಲಕ್ಷ, ಹಳೆಯ ಬಾಕಿ 18 ಲಕ್ಷ ಎಂದಿಟ್ಟುಕೊಳ್ಳಿ. ಎರಡನ್ನೂ ಕೂಡಿ 30 ಲಕ್ಷ ಬರುತ್ತದೆಂದು ಬರೆದು, ಅದರ ಮೇಲೆ ಚರಂಡಿ, ಸಿಮೆಂಟ್ ರಸ್ತೆಗಳನ್ನು ಹಂಚಿಬಿಡುವುದು ರೂಢಿ. ಕಳೆದ ಮೂರು ವರ್ಷಗಳ ಬೇಡಿಕೆ, ವಸೂಲಿ, ಬಾಕಿ ತಖ್ತೆ ತೆಗೆದು ನೋಡಿದಾಗ ಚಾಲ್ತಿ ಬೇಡಿಕೆಯಲ್ಲಿ ಶೇ 60, ಬಾಕಿಯಲ್ಲಿ ಶೇ 10 ಮಾತ್ರ ಬಂದಿದ್ದರೆ, ನಿಜವಾದ ಆದಾಯ 9 ಲಕ್ಷ. ಮುಚ್ಚಿದ ಕಾರ್ಖಾನೆಯ ಪಾಲನ್ನು ಅದರಲ್ಲೂ ಕಳೆಯಬೇಕು. ಗ್ರಂಥಾಲಯ, ಆರೋಗ್ಯ, ಶಿಕ್ಷಣ, ಭಿಕ್ಷುಕರ ಕರಗಳು ನಿಮ್ಮ ರಸೀದಿಯಲ್ಲೇ ವಸೂಲಾದರೂ ನಿಮ್ಮ ಹಣವಲ್ಲ. ಅವನ್ನು ಸಂಬಂಧಪಟ್ಟ ಇಲಾಖೆಗಳಿಗೆ ಕಟ್ಟಬೇಕಾದ್ದರಿಂದ ಆದಾಯವೆಂದು ಎಣಿಸಬೇಡಿ.

ಇನ್ನು ಕಡಿತದ ವಿಷಯ. ಟೆಂಡರ್ ಆಗದ ಕಾಮಗಾರಿಗಳನ್ನು ಮೊದಲು ಮುಂದೂಡಿ. ನೀರುಗಂಟಿಯ ಸಂಬಳಕ್ಕೆ ಕೊನೆಯವರೆಗೂ ಕೈ ಹಾಕಬೇಡಿ. ಅವರ ಸಂಬಳ ನಾಲ್ಕು ತಿಂಗಳು ನಿಂತರೆ ವಾಲ್ವ್ ತಿರುಗಿಸುವವರೇ ಇರುವುದಿಲ್ಲ. ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಮೀಸಲಿಟ್ಟ ಪಾಲನ್ನು ಬೇರೆ ಕಡೆಗೆ ತಿರುಗಿಸುವಂತಿಲ್ಲ. ನೀರಿನ ಖರ್ಚಿಗೆ ಸ್ವಂತ ನಿಧಿಯನ್ನೇ ಬರಿದು ಮಾಡುವ ಮುನ್ನ ಅನುದಾನಗಳನ್ನು ನೋಡಿ: 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ನಿರ್ಬಂಧಿತವಾಗಿದ್ದು, ಅದರ ಅರ್ಧ ಕುಡಿಯುವ ನೀರಿಗೆ, ಉಳಿದರ್ಧ ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಶೇ 40 ಅನಿರ್ಬಂಧಿತವಾದರೂ ಸಂಬಳಕ್ಕೆ ಬಳಸುವಂತಿರಲಿಲ್ಲ. ರಾಜ್ಯದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ 2023ರಂಥ ವರ್ಷವಾದರೆ ಟ್ಯಾಂಕರ್ ವೆಚ್ಚಕ್ಕೆ ಬರ ನಿರ್ವಹಣೆಯ ತಾಲ್ಲೂಕು ಸಮಿತಿಯಾದ ಟಾಸ್ಕ್‌ಫೋರ್ಸ್‌ನ ಬಾಗಿಲು ತಟ್ಟಬಹುದು.

ಕೊಳವೆಬಾವಿ ಸಾವಿರ ಅಡಿ ದಾಟುವ ನಿಮ್ಮ ಸೀಮೆಯಲ್ಲಿ ಮೋಟಾರು ದೊಡ್ಡದಾದಷ್ಟೂ ಬೆಸ್ಕಾಂ ಬಿಲ್ಲು ಏರುತ್ತದೆ. ಹೊಸ ಬಾವಿ ಕೊರೆಯುವ ಅಂದಾಜಿನಲ್ಲಿ ಆ ಬಿಲ್ಲನ್ನು ಸೇರಿಸುವವರು ಕಡಿಮೆ, ನೀವಾದರೂ ಕೇಳಿ. ವಸೂಲಿ ಆಂದೋಲನವನ್ನು ಮಾರ್ಚ್‌ಗೇ ಕಾಯಿಸದೆ, ಬೆಳೆಯ ದುಡ್ಡು ಮನೆಗೆ ಬರುವ ತಿಂಗಳಿಗೆ ಹೊಂದಿಸಿ.

ಪ್ರಶ್ನೆ: ತುಮಕೂರು ನಗರದಲ್ಲಿ ಏಪ್ರಿಲ್‌ನೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಆದಾಯ ಸಾಲದ ಪಾಲಿಕೆಗೆ ಇದು ನಷ್ಟವಲ್ಲವೇ?

ಉತ್ತರ: ಕಾಗದದ ಮೇಲೆ ನಷ್ಟವೇ. ಆದರೆ ಪೌರಕಾರ್ಮಿಕರ ವೇತನ, ಕಸದ ಗಾಡಿಯ ಡೀಸೆಲ್ ಏಪ್ರಿಲ್‌ನಿಂದಲೇ ಬೇಕು. ಸರ್ಕಾರದ ಅನುದಾನವೋ ಕಂತಿನಲ್ಲಿ, ಬಂದಾಗ ಬರುತ್ತದೆ. ಮೊದಲ ತಿಂಗಳಲ್ಲೇ ಕೈಗೆ ಸಿಗುವ ತೆರಿಗೆಯಿಂದ ಗುತ್ತಿಗೆದಾರರ ಬಾಕಿ ಬೆಳೆಯುವುದು ತಪ್ಪುತ್ತದೆ. ಯಾರು ಕಟ್ಟಿಲ್ಲವೆಂಬುದೂ ವರ್ಷದ ಆರಂಭದಲ್ಲೇ ಗೊತ್ತಾಗುವುದರಿಂದ, ಅಂದಾಜನ್ನು ತಿದ್ದಿಕೊಳ್ಳಲು ಪಾಲಿಕೆಗೆ ಇನ್ನೂ ಹನ್ನೊಂದು ತಿಂಗಳು ಉಳಿದಿರುತ್ತದೆ.