ಎರಡನೆಯ ಮಗನ ಹೆಸರೂ ‘ಆನ್’ ಎಂದೇ ಮುಗಿಯಬೇಕೆ?

ನಿಮ್ಮ ಪ್ರಶ್ನೆಯ ಸಾರ ಹೀಗಿದೆ ಎಂದು ತಿಳಿದು ಉತ್ತರಿಸುತ್ತಿದ್ದೇನೆ. ನೀವು ಗದಗದವರು, ಹಿರಿಯ ಮಗನ ಹೆಸರು ಇಶಾನ್, ಈಗ ಹುಟ್ಟಿರುವ ಗಂಡು ಮಗುವಿನ ಹೆಸರೂ ಅಣ್ಣನ ಹೆಸರಿನಂತೆ ‘ಆನ್’ ಎಂದು ಮುಗಿಯಲಿ ಎಂಬುದು ನಿಮ್ಮಿಬ್ಬರ ಆಸೆ. ರೋಹಿಣಿ ನಕ್ಷತ್ರದ ಮೂರನೆಯ ಪಾದಕ್ಕೆ ‘ವೀ’ ಅಕ್ಷರ ಬಂದಿರುವುದರಿಂದ ವಿಹಾನ್ ಎಂದು ಹೆಚ್ಚುಕಡಿಮೆ ಗಟ್ಟಿ ಮಾಡಿದ್ದೀರಿ. ಆದರೆ ಮನೆದೇವರು ವೀರಭದ್ರ. ಹೆಸರಿನಲ್ಲಿ ದೇವರೂ ಇರಬೇಕು, ಕೊನೆಗೆ ‘ಅಪ್ಪ’ ಇಲ್ಲವೇ ‘ಅಣ್ಣ’ ಎಂದೂ ಇರಬೇಕು ಎಂದು ನಿಮ್ಮ ಮಾವನವರು ಹಟ ಹಿಡಿದಿದ್ದಾರೆ. ತೊಟ್ಟಿಲು ಕಾರ್ಯ ಹತ್ತಿರ ಬಂದಿದೆ.

ನಾನು ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ದಿನ ಬೆಳಗಾದರೆ ಹಾಜರಿ ಪುಸ್ತಕ ಹಿಡಿದು ಹೆಸರುಗಳನ್ನು ಗಟ್ಟಿಯಾಗಿ ಕೂಗುವ ಕೆಲಸ ನನ್ನದಾದ್ದರಿಂದ ಹೆಸರಿನ ಕೊನೆಯ ಧ್ವನಿಯ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಹೆಸರಿನ ಮೊದಲ ಅಕ್ಷರವನ್ನು ಪಂಚಾಂಗ ಕೊಡುತ್ತದೆ, ಇಪ್ಪತ್ತೇಳು ನಕ್ಷತ್ರಗಳಿಗೆ ನಾಲ್ಕು ನಾಲ್ಕು ಪಾದದಂತೆ 108 ಅಕ್ಷರಗಳು ಅಲ್ಲಿ ಸಿದ್ಧವಾಗಿಯೇ ಇವೆ. ಕೊನೆಯ ಅಕ್ಷರ ಮಾತ್ರ ತಂದೆತಾಯಿಯ ಪಾಲಿಗೆ ಉಳಿಯುತ್ತದೆ. ಕನ್ನಡದಲ್ಲಿ ದುಡಿಯುವುದು ಆ ಕೊನೆಯ ಅಕ್ಷರವೇ ಆದ್ದರಿಂದ ನೀವು ಅದರ ಬಗ್ಗೆ ಇಷ್ಟು ಯೋಚಿಸುತ್ತಿರುವುದು ಸರಿಯಾಗಿಯೇ ಇದೆ.

ದುಡಿಯುವುದು ಎಂದೆನಲ್ಲ, ಅದನ್ನು ವಿವರಿಸುತ್ತೇನೆ. ನಮ್ಮ ಮಾತಿನಲ್ಲಿ ಹೆಸರು ಒಂಟಿಯಾಗಿ ನಿಲ್ಲುವುದು ಬಹಳ ಕಡಿಮೆ. ಮಂಜುನಾಥನ ಅಂಗಿ, ಮಂಜುನಾಥನಿಗೆ ಊಟ, ಮಂಜುನಾಥನನ್ನು ಕರಿ ಎಂದು ಪ್ರತಿ ಸಲವೂ ಹೆಸರಿನ ಬಾಲಕ್ಕೆ ಒಂದು ಪ್ರತ್ಯಯ ಬಂದು ಕೂಡುತ್ತದೆ, ಮತ್ತು ಹೆಸರು ‘ಅ’ ಎಂದು ಮುಗಿದಿದ್ದರೆ ಅದು ತಡೆಯಿಲ್ಲದೆ ಕೂಡುತ್ತದೆ. ರವಿ, ಹರಿ, ಶಿವಯೋಗಿ ಎಂದು ‘ಇ’ಕಾರದಲ್ಲಿ ಮುಗಿದರೂ ತೊಂದರೆಯಿಲ್ಲ, ರವಿಯ, ರವಿಗೆ ಎಂದು ಸಲೀಸಾಗಿ ಹೋಗುತ್ತದೆ. ಅರ್ಧಾಕ್ಷರದಲ್ಲಿ ಮುಗಿಯುವ ಹೆಸರು ಮಾತ್ರ ಇಲ್ಲಿ ಮುಗ್ಗರಿಸುತ್ತದೆ. ಇಶಾನ್‌ನ ಚೀಲ, ಇಶಾನ್‌ನನ್ನು ಕರಿ ಎಂದು ಬರೆಯಲು ಮಕ್ಕಳು ಒದ್ದಾಡುವುದನ್ನು ನಾನು ನಿಬಂಧದ ಹಾಳೆಗಳಲ್ಲಿ ನೋಡುತ್ತಲೇ ಇರುತ್ತೇನೆ. ಆರ್ಯನ್ ಎಂಬ ಹೆಸರಿನದಂತೂ ಇನ್ನೊಂದು ತೊಡಕು. ‘ಆರ್ಯನ ಪುಸ್ತಕ’ ಎಂದು ಬರೆದರೆ ಅದು ಆರ್ಯ ಎಂಬ ಹುಡುಗನದೋ ಆರ್ಯನ್ ಎಂಬವನದೋ ತಿಳಿಯುವುದಿಲ್ಲ. ಒಂದೇ ತರಗತಿಯಲ್ಲಿ ಇಬ್ಬರೂ ಇದ್ದರೆ ವಹಿಯ ಮೇಲೆ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಬರೆಸದೆ ಗತ್ಯಂತರವಿಲ್ಲ.

ಇದು ಹೊಸ ಸಮಸ್ಯೆಯಲ್ಲ; ಕನ್ನಡ ಇದನ್ನು ಬಹಳ ಹಿಂದೆಯೇ ತನ್ನ ರೀತಿಯಲ್ಲಿ ಬಗೆಹರಿಸಿಕೊಂಡಿದೆ. ಸಂಸ್ಕೃತದ ಹನುಮಾನ್ ನಮ್ಮಲ್ಲಿ ಹನುಮಂತನಾದ, ಭಗವಾನ್ ಭಗವಂತನಾದ, ಪರೀಕ್ಷಿತ್ ಪರೀಕ್ಷಿತನಾದ. ನೀವು ಇಷ್ಟಪಡುವ ‘ಆನ್’ ಎಂಬ ಕೊನೆಗೆ ಕನ್ನಡ ಕೊಟ್ಟ ಉತ್ತರವೇ ‘ವಂತ’ ಮತ್ತು ‘ಮಂತ’. ಯಶವಂತ, ಜಯವಂತ, ಗುಣವಂತ, ಧೀಮಂತ ಎಂಬ ಹೆಸರುಗಳು ನಮ್ಮ ಭಾಗದಲ್ಲಿ ತಲೆಮಾರುಗಳಿಂದ ನಡೆದು ಬಂದಿರುವುದು ಹಾಗೆಯೇ. ಮನೆಯ ಸಂಸ್ಕಾರಗಳನ್ನು ಹೇಳುವ ಪ್ರಾಚೀನ ಸಂಸ್ಕೃತ ಗ್ರಂಥವಾದ ಪಾರಸ್ಕರ ಗೃಹ್ಯಸೂತ್ರದಲ್ಲಿ ಗಂಡು ಮಗುವಿನ ಹೆಸರಿಗೆ ಒಂದು ವಿಧಿಯಿದೆ: ಎರಡು ಇಲ್ಲವೇ ನಾಲ್ಕು ಅಕ್ಷರವಿರಬೇಕು, ಗ, ಜ, ದ, ಬ ಮೊದಲಾದ ಘೋಷ ವ್ಯಂಜನದಿಂದ ಆರಂಭವಾಗಬೇಕು, ನಡುವೆ ಯ, ರ, ಲ, ವ ಬರಬೇಕು, ಕೊನೆಗೆ ದೀರ್ಘ ಸ್ವರ ಅಥವಾ ವಿಸರ್ಗವಿರಬೇಕು, ಹೆಣ್ಣು ಮಗುವಿಗೆ ಬೆಸ ಸಂಖ್ಯೆಯ ಅಕ್ಷರ, ಕೊನೆಗೆ ‘ಆ’. ಆ ವಿಸರ್ಗ ಕನ್ನಡಕ್ಕೆ ಬರುವಾಗ ಬಿದ್ದುಹೋಗಿ ‘ರಾಮಃ’ ಎಂಬುದು ‘ರಾಮ’ ಎಂದು ಉಳಿಯಿತು. ಕೊನೆಯ ಧ್ವನಿಯನ್ನು ನೋಡಿ ಹೆಸರಿಡುವುದು ಹೊಸ ಕಾಲದ ಶೋಕಿ ಎಂದು ನಿಮ್ಮ ಮಾವನವರು ಅಂದರೆ ಇದನ್ನು ಅವರಿಗೆ ತಿಳಿಸಬಹುದು.

ಈಗ ವಿಹಾನ್ ವಿಷಯಕ್ಕೆ ಬರುತ್ತೇನೆ. ಹಿಂದಿಯಲ್ಲಿ ಅದಕ್ಕೆ ಬೆಳಗು ಎಂಬ ಅರ್ಥವಿದೆ, ಅರ್ಥದಲ್ಲಿ ಏನೂ ಕೊರತೆಯಿಲ್ಲ. ಆದರೆ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಹೆಸರಿನ ಮೊದಲ ‘ವಿ’, ‘ವೀ’ ಎಷ್ಟೋ ಸಲ ಉಳಿಯುವುದಿಲ್ಲ ಎಂಬುದು ನಿಮಗೂ ಗೊತ್ತಿರುವ ಸಂಗತಿ: ವೀರಪ್ಪ ಈರಪ್ಪನಾಗುತ್ತಾನೆ, ವೀರಭದ್ರಪ್ಪ ಈರಭದ್ರಪ್ಪನಾಗುತ್ತಾನೆ, ವಿಠ್ಠಲ ಇಠ್ಠಲನಾಗುತ್ತಾನೆ. ಅದೇ ಬಾಯಲ್ಲಿ ವಿಹಾನ್ ಎಂಬುದು ಇಹಾನ್ ಆದರೆ, ಇಶಾನ್ ಮತ್ತು ಇಹಾನ್ ಎಂಬ ಅಣ್ಣತಮ್ಮಂದಿರ ನಡುವೆ ಉಳಿಯುವ ವ್ಯತ್ಯಾಸ ‘ಶ’ ಮತ್ತು ‘ಹ’ ಎಂಬ ಎರಡು ಮೆಲುದನಿಗಳದು ಮಾತ್ರ. ಅಜ್ಜಿ ಹಿತ್ತಲಿನಿಂದ ಕೂಗಿದರೆ ದೂರಕ್ಕೆ ಕೇಳುವುದು ನಾವು ಎಳೆಯುವ ಸ್ವರ, ಅಂದರೆ ಆ ‘ಆನ್’ ಭಾಗವೇ. ಅದು ಇಬ್ಬರಿಗೂ ಒಂದೇ. ಪ್ರಾಸದ ಹೆಸರಿನ ಅವಳಿ ಹುಡುಗರು ನಮ್ಮ ಶಾಲೆಯಲ್ಲಿ ಇದ್ದಾಗ ಒಬ್ಬನನ್ನು ಕರೆದರೆ ಇಬ್ಬರೂ ಎದ್ದು ನಿಲ್ಲುತ್ತಿದ್ದರು, ಇಲ್ಲವೇ ಇಬ್ಬರೂ ಕುಳಿತೇ ಇರುತ್ತಿದ್ದರು. ಅಣ್ಣತಮ್ಮಂದಿರ ಹೆಸರಿಗೆ ನಂಟು ಇರಬೇಕು ಎಂಬ ನಿಮ್ಮ ಆಸೆ ಪ್ರೀತಿಯದು; ಆ ನಂಟನ್ನು ಕೊನೆಯ ಧ್ವನಿಯಲ್ಲಿಯೇ ಕಟ್ಟಬೇಕಾಗಿಲ್ಲ ಎಂಬುದಷ್ಟೇ ನನ್ನ ಮಾತು.

ನಿಮ್ಮ ಮಾವನವರ ಬೇಡಿಕೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಅಪ್ಪ, ಅಣ್ಣ, ಅಯ್ಯ ಎಂಬ ಕೊನೆಗಳು ಹೆಸರಿಗೆ ಬಂದದ್ದು ಸಂಬಂಧದಿಂದ, ಗೌರವದಿಂದ. ಹನ್ನೆರಡನೆಯ ಶತಮಾನದ ಶರಣರನ್ನು ನಾವು ಬಸವಣ್ಣ, ಚೆನ್ನಬಸವಣ್ಣ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂದೇ ನೆನೆಯುತ್ತೇವೆ. ಅದರಲ್ಲಿಯೂ ಚೌಡಯ್ಯನವರ ಹೆಸರು ನಮ್ಮ ಹಾವೇರಿ ಜಿಲ್ಲೆಯ ಚೌಡದಾನಪುರದೊಡನೆ ಬೆಸೆದುಕೊಂಡಿದೆ. ಮಗುವಿಗೆ ‘ಅಪ್ಪ’ ಎಂದು ಸೇರಿಸಿ ಹೆಸರಿಟ್ಟರೆ, ತೊಟ್ಟಿಲಲ್ಲಿರುವ ಕೂಸನ್ನೂ ಮನೆಯವರು ಮರ್ಯಾದೆಯಿಂದಲೇ ಕರೆದಂತಾಗುತ್ತದೆ, ಎಷ್ಟೋ ಮನೆಗಳಲ್ಲಿ ಅದು ತೀರಿಹೋದ ಮುತ್ತಜ್ಜನ ಹೆಸರೂ ಆಗಿರುತ್ತದೆ. ‘ಅಪ್ಪ’ ಎಂಬುದಕ್ಕೆ ಜಾತಿಮತದ ಗಡಿಯೂ ಅಷ್ಟಾಗಿ ಇಲ್ಲ. ಶಿರಹಟ್ಟಿಯ ಫಕ್ಕೀರೇಶ್ವರರ ಭಕ್ತರು ತಮ್ಮ ಮಕ್ಕಳಿಗೆ ಫಕ್ಕೀರಪ್ಪ ಎಂದು ಇಡುವಾಗ ‘ಫಕೀರ’ ಎಂಬ ಪದಕ್ಕೆ ‘ಅಪ್ಪ’ ಎಂಬುದು ಎಷ್ಟು ಸಹಜವಾಗಿ ಕೂಡಿಕೊಂಡಿದೆ ನೋಡಿ. ‘ಅಯ್ಯ’ ಮತ್ತು ‘ಗೌಡ’ ಎಂಬ ಕೊನೆಗಳು ಹಾಗಲ್ಲ. ನಮ್ಮ ಭಾಗದಲ್ಲಿ ಅವು ಸಾಮಾನ್ಯವಾಗಿ ಇಂಥ ಮನೆತನದವರು ಎಂದು ಹೇಳಿಬಿಡುತ್ತವೆ, ಆದ್ದರಿಂದ ಧ್ವನಿ ಚೆಂದವಿದೆ ಎಂದು ಮಾತ್ರ ನೋಡಿ ಅವನ್ನು ಆರಿಸಿಕೊಳ್ಳಲಾಗದು.

ಆದರೆ ‘ಅಪ್ಪ’ ಇರುವ ಹೆಸರನ್ನು ದಾಖಲೆಯಲ್ಲಿ ಬರೆಸಬೇಕೆ ಎಂಬುದು ಬೇರೆ ಪ್ರಶ್ನೆ. ಇಂದಿನ ಹುಡುಗರಲ್ಲಿ ಕೆಲವರು ಕಾಲೇಜಿಗೆ ಹೋಗುವ ಹೊತ್ತಿಗೆ ಅದನ್ನು ತಾವೇ ಕತ್ತರಿಸಿ, ಸಿದ್ದಪ್ಪ ಎಂಬುದನ್ನು ಸಿದ್ದು ಎಂದೋ ಸಿದ್ಧಾರ್ಥ ಎಂದೋ ಹೇಳಿಕೊಳ್ಳುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಆ ಬೇಸರ ನನ್ನದು, ಬದುಕು ಅವರದು.

ಇವೆರಡರ ನಡುವೆ ನಮ್ಮ ಜನ ಬಹಳ ಹಿಂದೆಯೇ ಕಂಡುಕೊಂಡ ಕೊನೆಯೆಂದರೆ ‘ಈಶ’. ಊರ ಗುಡಿಯ ಈಶ್ವರನ ಹೆಸರೇ ಮಗುವಿನ ಹೆಸರಾಗುತ್ತದೆ: ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಕಲ್ಮೇಶ್ವರನಿಂದ ಕಲ್ಮೇಶ, ದೇವರಗುಡ್ಡದ ಮೈಲಾರನಿಂದ ಮಾಲತೇಶ, ಹಾವೇರಿಯ ಸಿದ್ಧೇಶ್ವರನಿಂದ ಸಿದ್ಧೇಶ. ಇದರಲ್ಲಿ ದೇವರೂ ಉಳಿಯುತ್ತಾನೆ, ಪ್ರತ್ಯಯವೂ ತೊಡಕಿಲ್ಲದೆ ಕೂಡುತ್ತದೆ, ಆಧುನಿಕವಾಗಿಯೂ ಕೇಳಿಸುತ್ತದೆ. ರಾಜ, ನಾಥ, ಕುಮಾರ, ಆನಂದ ಎಂಬ ಕೊನೆಗಳೂ ಒಳ್ಳೆಯವೇ, ಅವುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಸಮರ್ಥ, ಸಿದ್ಧಾರ್ಥ, ಪಾರ್ಥ ಎಂಬಂತೆ ಕೊನೆಯಲ್ಲಿ ಒತ್ತಕ್ಷರವೂ ಮಹಾಪ್ರಾಣವೂ ಕೂಡಿಬರುವ ಹೆಸರು ಬರೆಯಲು ಚೆಂದ. ಬಾಯಲ್ಲಿ ಅದು ‘ಸಮರ್ತ’ ಎಂದೇ ಹೆಚ್ಚಾಗಿ ಕೇಳುತ್ತದೆ.

ಇನ್ನೊಂದು ಮಾತು: ನೀವು ಎಷ್ಟೇ ಆಸೆಪಟ್ಟು ಕೊನೆಯನ್ನು ಆರಿಸಿದರೂ ಓಣಿಯವರು ಮೊದಲು ಕತ್ತರಿಸುವುದು ಅದನ್ನೇ. ಬಸವರಾಜ ಬಸ್ಯಾ ಆಗುತ್ತಾನೆ, ಮಲ್ಲಿಕಾರ್ಜುನ ಮಲ್ಲು ಆಗುತ್ತಾನೆ, ಪರಶುರಾಮ ಪರಶ್ಯಾ ಆಗುತ್ತಾನೆ. ಆದ್ದರಿಂದ ಹೆಸರು ಗಟ್ಟಿ ಮಾಡುವ ಮೊದಲು ಅದರ ಮೊದಲೆರಡು ಅಕ್ಷರಗಳಿಗೆ ‘ಯಾ’ ಮತ್ತು ‘ಉ’ ಹಚ್ಚಿ, ಗಟ್ಟಿಯಾಗಿ ಕೂಗಿ ನೋಡಿ. ಕೊನೆ ಬಿದ್ದುಹೋದ ಮೇಲೂ ಉಳಿದದ್ದು ಕೇಳಲು ಹಿತವಾಗಿದ್ದರೆ ಮುಂದುವರಿಯಿರಿ.

ಅಡ್ಡಹೆಸರನ್ನೂ ಕೂಡಿಸಿ ಕೂಗಿ ನೋಡಬೇಕು. ನಿಮ್ಮ ಅಡ್ಡಹೆಸರು ಅಂಗಡಿ ಎಂದು ಬರೆದಿದ್ದೀರಿ. ‘ಅ’ ಎಂದು ಮುಗಿಯುವ ಹೆಸರಿನ ಮುಂದೆ ‘ಅಂಗಡಿ’ ಬಂದರೆ ಲೋಪಸಂಧಿಯಾಗಿ ವಿಜಯ ಅಂಗಡಿ ಎಂಬುದು ಹಾಜರಿ ಕೂಗುವಾಗ ‘ವಿಜಯಂಗಡಿ’ ಎಂದೇ ಹೊರಡುತ್ತದೆ. ನಮ್ಮ ಭಾಗದ ರೂಢಿಯಂತೆ ನಡುವೆ ತಂದೆಯ ಹೆಸರನ್ನು ಬರೆಸಿದರೆ ಈ ತೊಡಕು ತಾನಾಗಿಯೇ ನಿವಾರಣೆಯಾಗುತ್ತದೆ. ಕುಲಕರ್ಣಿ ಮನೆತನದವರು ಕಾರ್ತಿಕ್ ಎಂದು ಇಟ್ಟಾಗ ಎರಡು ‘ಕ’ ಡಿಕ್ಕಿ ಹೊಡೆಯುವುದೂ ಇಂಥದೇ ತೊಂದರೆ.

ಅವಸರ ಬೇಡ ಎಂದು ಹೇಳಲು ಒಂದು ಕಾರಣವಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಆದರೆ ಹೆಸರಿಲ್ಲದೆ ನೋಂದಾಯಿಸಿ, ಹನ್ನೆರಡು ತಿಂಗಳೊಳಗೆ ಯಾವ ಶುಲ್ಕವೂ ಇಲ್ಲದೆ ಹೆಸರನ್ನು ಸೇರಿಸಲು ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನದ ಆಧಾರವಾಗಿರುವುದರಿಂದ, ಅದರಲ್ಲಿ ಬರೆಸುವ ಕೊನೆಯ ಅಕ್ಷರವೂ ಮುಖ್ಯ. ಇಂಗ್ಲಿಷಿನಲ್ಲಿ ಕೊನೆಗೆ ‘ಎ’ ಸೇರಿಸಬೇಕೆ ಬಿಡಬೇಕೆ ಎಂಬುದನ್ನು ಮೊದಲೇ ತೀರ್ಮಾನಿಸಿ. ಅಕ್ಷಯ ಎಂಬ ಹುಡುಗನೂ ಅಕ್ಷಯಾ ಎಂಬ ಹುಡುಗಿಯೂ ಇಂಗ್ಲಿಷಿನಲ್ಲಿ ಒಂದೇ ಆಗಿಬಿಡುತ್ತಾರೆ. ‘ಈಶ’ ಎಂದು ಮುಗಿಯುವ ಹೆಸರಿಗೆ ‘ಎ’ ಬಿಡುವುದೇ ನಮ್ಮ ಕಡೆಯ ರೂಢಿ. ವೀರಭದ್ರ ಎಂಬಂತೆ ಒತ್ತಕ್ಷರದಲ್ಲಿ ಮುಗಿದರೆ ‘ಎ’ ಇರಲೇಬೇಕು. ಯಾವುದನ್ನು ಒಪ್ಪಿದರೂ ಪ್ರಮಾಣಪತ್ರದಲ್ಲಿ, ಆಧಾರ್‌ನಲ್ಲಿ, ಶಾಲೆಯ ದಾಖಲೆಯಲ್ಲಿ ಅದೇ ಇರಲಿ.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಮಗುವಿಗೆ ನನ್ನ ಆಯ್ಕೆ ವೀರೇಶ. ವೀರೇಶ ಎಂದರೆ ವೀರಭದ್ರನೇ. ಗದಗದಲ್ಲಿ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದಿಂದಾಗಿ ಊರಿಗೆಲ್ಲ ಪರಿಚಿತವಾದ ಹೆಸರು. ನಕ್ಷತ್ರದ ‘ವೀ’ ಸರಿಹೊಂದುತ್ತದೆ. ಹಿರಿಯ ಮಗನ ಹೆಸರೂ ಮೂಲದಲ್ಲಿ ಈಶಾನ, ಶಿವನ ಐದು ಮುಖಗಳಲ್ಲಿ ಒಂದು; ಅದರ ಆರಂಭದಲ್ಲಿರುವ ‘ಈಶ’ವೇ ತಮ್ಮನ ಹೆಸರಿನ ಕೊನೆಯಲ್ಲಿ ಬರುತ್ತದೆ. ಅಣ್ಣತಮ್ಮಂದಿರ ನಂಟು ಅರ್ಥದಲ್ಲಿಯೂ ಧ್ವನಿಯಲ್ಲಿಯೂ ಉಳಿಯಿತು, ಹಿತ್ತಲಿನಿಂದ ಕೂಗಿದರೆ ಯಾರು ಬರಬೇಕೆಂಬ ಗೊಂದಲವೂ ಇಲ್ಲ. ಓಣಿಯಲ್ಲಿ ಅವನು ಈರ್ಯಾ ಆಗಬಹುದು, ವೀರು ಆಗಬಹುದು, ಎರಡೂ ನಡೆಯುತ್ತವೆ. ಮಾವನವರು ಮನೆಯಲ್ಲಿ ವೀರಣ್ಣ ಎಂದೇ ಕರೆಯಲಿ, ಅವರ ಬಾಯಲ್ಲಿ ಆ ಹೆಸರು ಉಳಿಯುವುದು ಮಗುವಿಗೂ ಒಳ್ಳೆಯದು. ವೀರೇಶ ಮನಸ್ಸಿಗೆ ಬಾರದಿದ್ದರೆ ಕುಮಾರವ್ಯಾಸ ತನ್ನ ಅಂಕಿತವನ್ನಾಗಿ ಇಟ್ಟುಕೊಂಡ ನಿಮ್ಮ ಊರಿನ ವೀರನಾರಾಯಣನಿದ್ದಾನೆ, ಹೆಸರು ಉದ್ದವಾದರೂ ಅದರ ಕೊನೆಯ ‘ಣ’ ಕಿವಿಗೆ ಬಲು ಇಂಪು. ‘ಆನ್’ ಬಿಡಲು ಮನಸ್ಸೇ ಒಪ್ಪದಿದ್ದರೆ ಸೂರ್ಯನ ಹೆಸರಾದ ವಿವಸ್ವಾನ್ ಇದೆ, ಆದರೆ ಅದನ್ನು ಮೊದಲು ಮಗುವಿನ ಸೋದರತ್ತೆಯ ಬಾಯಲ್ಲಿ ಹೇಳಿಸಿ ನೋಡಿ. ತೊಟ್ಟಿಲಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅವಳು.