ಟ್ಯೂನಿಸ್‌ನ ಹಳೆಯ ಬಾಗಿಲುಗಳಿಗೆ ಮೂರು ಬಳೆಗಳೇಕೆ?

ಟ್ಯುನೀಷಿಯಾದ ರಾಜಧಾನಿ ಟ್ಯೂನಿಸ್‌ನ ಮದೀನಾದಲ್ಲಿ, ಅಂದರೆ 1979ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಹಳೆಯ ಪೇಟೆಯಲ್ಲಿ, ಒಂದೇ ಬಾಗಿಲಿಗೆ ಕದ ತಟ್ಟಲೆಂದು ಮೂರು ಕಬ್ಬಿಣದ ಬಳೆಗಳನ್ನು ಏಕೆ ಜಡಿದಿದ್ದಾರೆಂದು ಕೇಳಿದ್ದೀರಿ. ಗಂಡಸರಿಗೊಂದು, ಹೆಂಗಸರಿಗೊಂದು, ಕೆಳಗಿನ ಪುಟ್ಟದು ಮಕ್ಕಳಿಗೆ ಎಂಬುದು ಅಲ್ಲಿ ಸಾಮಾನ್ಯವಾಗಿ ಕೊಡುವ ವಿವರಣೆ. ಪ್ರತಿಯೊಂದರ ಸದ್ದೂ ಬೇರೆಯಾದ್ದರಿಂದ, ಬಂದವರು ಯಾರೆಂಬುದು ಕದ ತೆರೆಯುವ ಮೊದಲೇ ಒಳಗಿದ್ದವರಿಗೆ ತಿಳಿಯುತ್ತಿತ್ತಂತೆ. ಆದರೆ ಒಂದೇ ಬಳೆಯ ಬಾಗಿಲುಗಳೂ ಅಲ್ಲಿ ಬೇಕಾದಷ್ಟಿವೆ. ನನಗಂತೂ ಬಳೆಗಳಿಗಿಂತ ಮೊಳೆಗಳೇ ಹೆಚ್ಚು ಸ್ವಾರಸ್ಯಕರವೆನಿಸುತ್ತವೆ: ಹಳದಿ ಬಳಿದ ಹಲಗೆಗಳ ಮೇಲೆ ದಪ್ಪ ತಲೆಯ ಕಪ್ಪು ಮೊಳೆಗಳನ್ನು ಒತ್ತೊತ್ತಾಗಿ ಹೊಡೆದು ನಕ್ಷತ್ರ, ಅರ್ಧಚಂದ್ರ, ಮೀನು ಮುಂತಾದ ಆಕೃತಿಗಳನ್ನು ಮೂಡಿಸಿರುತ್ತಾರೆ. ಇನ್ನು ಕೆಲವು ದೊಡ್ಡ ಕದಗಳಲ್ಲೇ ಕೊರೆದಿರುವ ‘ಖೂಖಾ’ ಎಂಬ ಗಿಡ್ಡ ಬಾಗಿಲಿನಲ್ಲಿ ಹಾಯುವವರು ತಲೆ ಬಗ್ಗಿಸಿಯೇ ಒಳಹೋಗಬೇಕು.